ಬೀಗದ ಕೈ ಯಾರ ಬಳಿ ಇದೆ?



‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆ ಕೇಳದ ಕನ್ನಡಿಗರು ವಿರಳ. ಹಣ ಕೈಯಲ್ಲಿರುವ ತನಕ ನಾವೇ ಯಜಮಾನರು. ಇನ್ನೊಬ್ಬರ ಕೈಗೆ ಕೊಟ್ಟ ಮೇಲೆ ಅವರ ಬಾಗಿಲಲ್ಲಿ ನಿಂತು ಕಾಯುವವರು. ಈ ಗಾದೆಗೆ ಹೊಸ ಕಾಲದ ಉದಾಹರಣೆ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ನಾವು ನೆಲೆಸಿರುವ ಈ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲೇ ಅದು ಸಿಗುತ್ತದೆ.

ಕ್ರಿಪ್ಟೋಪಿಯಾ ಎಂಬ ಕಂಪನಿ 2014ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಆರಂಭವಾಯಿತು. ಬಿಟ್‌ಕಾಯಿನ್, ಡೋಜ್‌ಕಾಯಿನ್ ಮುಂತಾದ ಕ್ರಿಪ್ಟೋ ಕರೆನ್ಸಿಗಳನ್ನು ಕೊಳ್ಳುವ, ಮಾರುವ ಜಾಗ ಅದು. ಇಂಥ ಜಾಗಕ್ಕೆ ಎಕ್ಸ್‌ಚೇಂಜ್ ಎನ್ನುತ್ತಾರೆ. ಪ್ರಪಂಚದ ಮೂಲೆ ಮೂಲೆಗಳಿಂದ ಜನ ಅಲ್ಲಿ ಖಾತೆ ತೆರೆದರು. ಕಾಯಿನ್ ಉಳಿದಿದ್ದ ಖಾತೆಗಳೇ ಎಂಟು ಲಕ್ಷಕ್ಕೂ ಹೆಚ್ಚು. 2019ರ ಜನವರಿ ಮಧ್ಯದಲ್ಲಿ ಕಳ್ಳರು ಕಂಪ್ಯೂಟರ್ ಮೂಲಕ ನುಗ್ಗಿ ಸುಮಾರು 3 ಕೋಟಿ ನ್ಯೂಜಿಲೆಂಡ್ ಡಾಲರ್ ಬೆಲೆಯ ಕಾಯಿನ್‌ಗಳನ್ನು ಸಾಗಿಸಿದರು. ಕಳುವಾದದ್ದು ಒಟ್ಟು ಗಂಟಿನಲ್ಲಿ ಒಂದು ಪಾಲು ಮಾತ್ರ. ಆದರೆ ಅದೇ ವರ್ಷ ಮೇ ತಿಂಗಳಲ್ಲಿ ಕಂಪನಿಯೇ ಮುಚ್ಚಿಹೋಯಿತು. ಲೆಕ್ಕ ತೀರಿಸುವ ಕೆಲಸ ಗ್ರಾಂಟ್ ಥಾರ್ನ್‌ಟನ್ ಸಂಸ್ಥೆಯ ಲಿಕ್ವಿಡೇಟರ್‌ಗಳ ಪಾಲಿಗೆ ಬಂತು. ಕಳ್ಳರು ಮುಟ್ಟದೆ ಬಿಟ್ಟ ಕಾಯಿನ್‌ಗಳಿಗೂ ಬೀಗ ಬಿತ್ತು.

ಹಾಗಾದರೆ ಉಳಿದ ಕಾಯಿನ್ ಯಾರ ಸ್ವತ್ತು? ಕಂಪನಿಗೆ ಸಾಲ ಕೊಟ್ಟವರದೋ, ಖಾತೆದಾರರದೋ? 2020ರ ಏಪ್ರಿಲ್ 8ರಂದು ಹೈಕೋರ್ಟ್ ನ್ಯಾಯಮೂರ್ತಿ ಗೆಂಡಾಲ್ ಅವರು ತೀರ್ಪು ನೀಡಿದರು. ಕ್ರಿಪ್ಟೋ ಕರೆನ್ಸಿಯೂ ಒಂದು ಬಗೆಯ ಆಸ್ತಿಯೇ, ಕಂಪನಿ ಅದನ್ನು ಖಾತೆದಾರರ ಪರವಾಗಿ ಟ್ರಸ್ಟ್ ರೂಪದಲ್ಲಿ ಇಟ್ಟುಕೊಂಡಿತ್ತು, ಆದ್ದರಿಂದ ಅದು ಖಾತೆದಾರರಿಗೇ ಸೇರಬೇಕು ಎಂದರು. ಲೋಕದ ಬೇರೆ ಬೇರೆ ದೇಶಗಳ ವಕೀಲರು ಇಂದಿಗೂ ಉಲ್ಲೇಖಿಸುವ ತೀರ್ಪು ಇದು. ನ್ಯಾಯ ಸಿಕ್ಕಿತು, ನಿಜ. ಆದರೆ ಬಿಟ್‌ಕಾಯಿನ್ ಮತ್ತು ಡೋಜ್‌ಕಾಯಿನ್ ಇಟ್ಟಿದ್ದವರಿಗೆ ಮೊದಲ ಹಂಚಿಕೆ ಆದದ್ದು 2024ರ ಕೊನೆಯಲ್ಲಿ. ಗುರುತಿನ ದಾಖಲೆ ಕೊಟ್ಟು ಪರಿಶೀಲನೆ ಮುಗಿಸಿಕೊಂಡವರಿಗೆ ಮಾತ್ರ ಅದು ಸಿಕ್ಕಿತು. ಒಂದನೇ ತರಗತಿಗೆ ಸೇರಿದ ಮಗು ಆರನೇ ತರಗತಿ ಮುಗಿಸುವಷ್ಟು ಕಾಲ! ತೀರ್ಪು ನಮ್ಮ ಪರವಾಗಿ ಬಂದರೂ ಕಾಯುವುದು ತಪ್ಪಲಿಲ್ಲ ಎಂಬುದನ್ನು ಪೋಷಕರು ಗಮನಿಸಬೇಕು.

ಇನ್ನೊಂದು ಸಂಗತಿ. ಅದೇ ಕಂಪನಿಯ ಮಾಜಿ ನೌಕರನೊಬ್ಬ ಕೆಲಸದಲ್ಲಿದ್ದಾಗ ರಹಸ್ಯ ಕೀಲಿಗಳನ್ನು ಯುಎಸ್‌ಬಿಯಲ್ಲಿ ನಕಲು ಮಾಡಿಕೊಂಡು, ಆಮೇಲೆ ಸುಮಾರು ಎರಡೂವರೆ ಲಕ್ಷ ಡಾಲರ್ ಬೆಲೆಯ ಕಾಯಿನ್ ಕದ್ದದ್ದನ್ನು 2021ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಹೊರಗಿನ ಕಳ್ಳ ಒಂದು ಕಡೆ, ಮನೆಯೊಳಗಿನ ಕಳ್ಳ ಇನ್ನೊಂದು ಕಡೆ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ, ಬೀಗದ ಕೈ.

ಕನ್ನಡ ಕಲಿಸುವವರು ಈ ವಿಷಯಕ್ಕೆ ಏಕೆ ಕೈಹಾಕಿದರು ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮ ತರಗತಿಯ ದೊಡ್ಡ ಮಕ್ಕಳು ವಿರಾಮದ ವೇಳೆಯಲ್ಲಿ ಕ್ರಿಕೆಟ್ ಬಿಟ್ಟರೆ ಹೆಚ್ಚಾಗಿ ಮಾತನಾಡುವುದು ಇದನ್ನೇ. ಮನೆಗಳಲ್ಲಿಯೂ ಐಟಿ ಕೆಲಸದ ಅಪ್ಪ, ಅಮ್ಮ, ಚಿಕ್ಕಪ್ಪ ಯಾರೋ ಒಬ್ಬರು ಸ್ವಲ್ಪ ಕೊಂಡಿಟ್ಟಿರುತ್ತಾರೆ. ಕೊಳ್ಳಿರಿ ಎಂದಾಗಲಿ, ಕೊಳ್ಳಬೇಡಿ ಎಂದಾಗಲಿ ಹೇಳಲು ನಾವು ಅರ್ಹರಲ್ಲ. ಆದರೆ ಕೊಂಡದ್ದನ್ನು ಕಾಪಾಡಿಕೊಳ್ಳುವ ಕೆಲಸ ಕೊನೆಗೆ ಬಂದು ನಿಲ್ಲುವುದು ಹನ್ನೆರಡೋ ಇಪ್ಪತ್ತನಾಲ್ಕೋ ಪದಗಳನ್ನು ತಪ್ಪಿಲ್ಲದೆ ಬರೆದಿಡುವುದರಲ್ಲಿ ಮತ್ತು ತೆರೆಯ ಮೇಲಿನ ಸಾಲನ್ನು ಗಮನವಿಟ್ಟು ಓದುವುದರಲ್ಲಿ. ಬರೆಯುವುದು, ಓದುವುದು ನಮ್ಮ ಕಸುಬೇ ತಾನೆ?

ಮೊದಲು ಈ ವಸ್ತುವಿನ ಸ್ವರೂಪ ತಿಳಿಯಬೇಕು. ಹಿಂದೆ ಊರಿನ ಶ್ಯಾನುಭೋಗರ ಬಳಿ ಖಾತೆ ಪುಸ್ತಕ ಇರುತ್ತಿತ್ತು. ಯಾವ ಹೊಲ ಯಾರದು ಎಂಬುದು ಅದರಲ್ಲಿ ಬರೆದಂತೆ. ಬಿಟ್‌ಕಾಯಿನ್ ಕೂಡ ಇಂಥದೊಂದು ಖಾತೆ ಪುಸ್ತಕವೇ. ವ್ಯತ್ಯಾಸ ಇಷ್ಟೆ: ಇದರ ಪ್ರತಿ ಲೋಕದಾದ್ಯಂತ ಸಾವಿರಾರು ಕಂಪ್ಯೂಟರ್‌ಗಳಲ್ಲಿದೆ, ಯಾರು ಬೇಕಾದರೂ ತೆರೆದು ನೋಡಬಹುದು, ಒಬ್ಬ ಶ್ಯಾನುಭೋಗ ಕುಳಿತು ತಿದ್ದಲು ಬಾರದು. ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸಲು ಆ ಖಾತೆಯ ಒಡೆಯನ ಸಹಿ ಬೇಕು. ಆ ಸಹಿ ಹಾಕಲು ಬೇಕಾದ ರಹಸ್ಯ ಸಂಖ್ಯೆಯೇ ಪ್ರೈವೇಟ್ ಕೀ, ನಮ್ಮ ಮಾತಿನಲ್ಲಿ ಬೀಗದ ಕೈ. ಅದು ಯಾರ ಬಳಿ ಇದೆಯೋ ಕಾಯಿನ್ ಅವರ ಅಧೀನ.

ಎಕ್ಸ್‌ಚೇಂಜಿನಲ್ಲಿ ಕಾಯಿನ್ ಕೊಂಡಾಗ ಈ ಬೀಗದ ಕೈ ನಮಗೆ ಸಿಗುವುದಿಲ್ಲ. ಎಲ್ಲರ ಕಾಯಿನ್‌ಗಳನ್ನೂ ಒಟ್ಟು ಸೇರಿಸಿ ಕಂಪನಿ ತನ್ನ ಕೀಲಿಯಲ್ಲಿ ಇಟ್ಟುಕೊಳ್ಳುವುದು ವಾಡಿಕೆ. ನಮ್ಮ ಹೆಸರಿನ ಮುಂದೆ ಇಷ್ಟು ಎಂದು ಬರೆದಿರುವುದು ಅದರ ಸ್ವಂತ ಪುಸ್ತಕದಲ್ಲಿ. ಕ್ರಿಪ್ಟೋಪಿಯಾದ ಲೆಕ್ಕ ತೀರಿಸಲು ವರ್ಷಗಟ್ಟಲೆ ಹಿಡಿದದ್ದಕ್ಕೆ ಇದೂ ಒಂದು ಕಾರಣ. ಬ್ಯಾಂಕಿನಲ್ಲಿಯೂ ಹಾಗೆಯೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಬ್ಯಾಂಕಿನ ಹಿಂದೆ ವಿಮೆ ಇದೆ. ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ನಿರ್ಬಂಧ ಹೇರಿ, ಒಬ್ಬರಿಗೆ 35,000 ರೂಪಾಯಿ ಮಾತ್ರ ಎಂದಾಗ ಬಸವನಗುಡಿಯ ಹಿರಿಯರು ಪಟ್ಟ ಪಾಡು ನಮ್ಮ ಓದುಗರಲ್ಲಿ ಹಲವರಿಗೆ ನೆನಪಿರಬಹುದು. ಅದರ ಮರು ತಿಂಗಳೇ ಭಾರತದಲ್ಲಿ ಠೇವಣಿ ವಿಮೆಯ ಮಿತಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ನ್ಯೂಜಿಲೆಂಡಿನಲ್ಲೂ 2025ರ ಜುಲೈ 1ರಿಂದ ಒಂದು ಸಂಸ್ಥೆಯಲ್ಲಿ ಒಬ್ಬ ಠೇವಣಿದಾರನಿಗೆ 1,00,000 ಡಾಲರ್‌ವರೆಗೆ ರಕ್ಷಣೆ ಇದೆ. ಕ್ರಿಪ್ಟೋಗೆ ಈ ರಕ್ಷಣೆ ಅನ್ವಯಿಸುವುದಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಹೀಗಿದೆ. ಕಳೆದುಹೋದರೆ ಮನೆಯವರ ನಿದ್ದೆ ಕೆಡುವಷ್ಟು ಮೊತ್ತ ಎಕ್ಸ್‌ಚೇಂಜಿನಲ್ಲಿದ್ದರೆ ಅದನ್ನು ಹಾರ್ಡ್‌ವೇರ್ ವಾಲೆಟ್‌ಗೆ ಸಾಗಿಸಿರಿ. ಆದರೆ ಕಲಿತು ಸಾಗಿಸಿರಿ. ‘ಇಂದೇ, ಈಗಲೇ’ ಎಂದು ಅವಸರಪಡಿಸುವ ಉತ್ಸಾಹಿ ಮಿತ್ರರ ಮಾತು ನಮಗೆ ಒಪ್ಪಿಗೆಯಿಲ್ಲ. ಐವತ್ತು ನೂರು ಡಾಲರಿನ ಕುತೂಹಲಕ್ಕೆ ಕೊಂಡವರು, ಸಾಧನದ ಬೆಲೆಯೇ ಕಾಯಿನ್‌ಗಿಂತ ಹೆಚ್ಚಾಗುವುದರಿಂದ, ಇದ್ದಲ್ಲೇ ಬಿಟ್ಟರೂ ನಷ್ಟವಿಲ್ಲ. ಎಕ್ಸ್‌ಚೇಂಜಿನಲ್ಲಿ ಪಾಸ್‌ವರ್ಡ್ ಮರೆತರೆ ಕೇಳಲು ಒಬ್ಬರಿರುತ್ತಾರೆ. ಹಾರ್ಡ್‌ವೇರ್ ವಾಲೆಟ್‌ನಲ್ಲಿ ನೀವೇ ಬ್ಯಾಂಕು, ನೀವೇ ಮ್ಯಾನೇಜರು, ನೀವೇ ಕಾವಲುಗಾರ.

ಹಾರ್ಡ್‌ವೇರ್ ವಾಲೆಟ್ ಎಂದರೆ ಪೆನ್ ಡ್ರೈವ್ ಗಾತ್ರದ ಒಂದು ಚಿಕ್ಕ ಸಾಧನ. ಸಣ್ಣ ತೆರೆ, ಒಂದೆರಡು ಗುಂಡಿ. ಮೊದಲನೆಯದು ಎನ್ನಲಾಗುವ ಟ್ರೆಜರ್ 2014ರಲ್ಲಿ ಚೆಕ್ ದೇಶದ ಪ್ರಾಗ್ ನಗರದಿಂದ ಬಂತು. ಫ್ರಾನ್ಸಿನ ಲೆಡ್ಜರ್ ಇನ್ನೊಂದು ಹೆಸರುವಾಸಿ. ಹೆಸರು ವಾಲೆಟ್ ಎಂದಿದ್ದರೂ ಅದರೊಳಗೆ ಕಾಯಿನ್ ಇರುವುದಿಲ್ಲ. ಕಾಯಿನ್ ಇರುವುದು ಆ ಖಾತೆ ಪುಸ್ತಕದಲ್ಲೇ. ಸಾಧನದೊಳಗಿರುವುದು ಬೀಗದ ಕೈ ಮಾತ್ರ, ಅದೂ ಹೊರಗೆ ಬರುವುದಿಲ್ಲ. ಸಹಿ ಬೇಕಾದಾಗ ಕಾಗದವನ್ನು ಒಳಗೆ ಕಳುಹಿಸಿದರೆ ಅದು ಸಹಿ ಹಾಕಿ ಹೊರಗೆ ಕೊಡುತ್ತದೆ. ಅಜ್ಜಿ ಸೆರಗಿನ ತುದಿಗೆ ಬೀಗದ ಕೈ ಗಂಟು ಹಾಕಿಕೊಂಡು, ಸಕ್ಕರೆ ಬೇಕೆಂದರೆ ತಾವೇ ಬಂದು ಡಬ್ಬ ತೆಗೆಯುತ್ತಿದ್ದರಲ್ಲ, ಹಾಗೆ. ಕಂಪ್ಯೂಟರಿಗೆ ವೈರಸ್ ಹತ್ತಿದ್ದರೂ ಅಜ್ಜಿಯ ಸೆರಗಿಗೆ ಕೈ ಹಾಕಲು ಅದಕ್ಕೆ ಆಗುವುದಿಲ್ಲ.

ಈ ಸಾಧನವನ್ನು ತಯಾರಕರಿಂದಲೇ ಅಥವಾ ಅವರು ಹೆಸರಿಸಿದ ಅಂಗಡಿಯಿಂದಲೇ ಕೊಳ್ಳಬೇಕು. ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕಿತು, ಯಾರೋ ಬಳಸಿದ್ದು ಕೊಟ್ಟರು ಎಂದು ತರುವ ಸಾಮಾನಲ್ಲ ಇದು. ಪೆಟ್ಟಿಗೆಯೊಳಗೆ ಮೊದಲೇ ಪದಗಳನ್ನು ಬರೆದಿಟ್ಟ ಚೀಟಿ ಇದ್ದರೆ ಅಥವಾ ಪಿನ್ ಮೊದಲೇ ಕೊಟ್ಟಿದ್ದರೆ ಅದು ಶುದ್ಧ ಮೋಸ. ನಿಮ್ಮ ಮನೆಗೆ ಬೀಗ ಮಾರುವವನು ಇನ್ನೊಂದು ಕೈ ತನ್ನ ಜೇಬಿನಲ್ಲಿಟ್ಟುಕೊಂಡಂತೆ. ಪದಗಳು ಸಾಧನದ ತೆರೆಯ ಮೇಲೆ, ನಿಮ್ಮ ಕಣ್ಣೆದುರಿನಲ್ಲೇ, ಮೊದಲ ಬಾರಿಗೆ ಹುಟ್ಟಬೇಕು.

ಈಗ ಆ ಪದಗಳ ವಿಷಯ. ಇಲ್ಲಿ ಭಾಷಾ ಶಿಕ್ಷಕರು ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಕ್ಷಮೆಯಿರಲಿ.

ಬೀಗದ ಕೈ ನಿಜವಾಗಿ ಒಂದು ಬಹು ದೊಡ್ಡ ಸಂಖ್ಯೆ. ಅದನ್ನು ಮನುಷ್ಯರು ತಪ್ಪಿಲ್ಲದೆ ಬರೆದುಕೊಳ್ಳುವುದು ಕಷ್ಟ. ಆದ್ದರಿಂದ 2013ರ ಸುಮಾರಿಗೆ ತಜ್ಞರು ಒಂದು ಉಪಾಯ ಮಾಡಿದರು. ಸರಳವಾದ 2048 ಇಂಗ್ಲಿಷ್ ಪದಗಳ ಪಟ್ಟಿ ಮಾಡಿ, ಸಂಖ್ಯೆಯನ್ನು 12 ಅಥವಾ 24 ಪದಗಳ ಸಾಲಾಗಿ ತೋರಿಸಿದರು. ಪಟ್ಟಿ ‘ಅಬ್ಯಾಂಡನ್’ ಎಂಬ ಪದದಿಂದ ಶುರುವಾಗಿ ‘ಝೂ’ ಎಂಬಲ್ಲಿ ಮುಗಿಯುತ್ತದೆ. ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಬೇರೆ ಯಾವ ಪದದಲ್ಲೂ ಅದೇ ರೀತಿ ಬರದಂತೆ ಆರಿಸಿದ್ದಾರೆ. ಕೊನೆಯ ಪದದಲ್ಲಿ ಹಿಂದಿನ ಪದಗಳ ತಾಳೆ ನೋಡುವ ಲೆಕ್ಕವೂ ಅಡಗಿದೆ. ನಿಘಂಟು ಮಾಡುವವರೂ ಮೆಚ್ಚುವಂಥ ಅಚ್ಚುಕಟ್ಟು! ಜಪಾನಿ, ಕೊರಿಯನ್, ಸ್ಪ್ಯಾನಿಷ್, ಫ್ರೆಂಚ್, ಚೀನೀ ಮುಂತಾದ ಭಾಷೆಗಳಲ್ಲೂ ಇಂಥ ಪಟ್ಟಿಗಳಿವೆ. ಆ ಸಾಲಿನಲ್ಲಿ ಕನ್ನಡ ಇಲ್ಲ, ಭಾರತದ ಯಾವ ಭಾಷೆಯೂ ಇಲ್ಲ. ಇದು ನಮಗೆ ಬೇಸರದ ಮಾತೇ, ಆದರೆ ಸದ್ಯಕ್ಕೆ ಬೇರೆ ದಾರಿಯಿಲ್ಲ. ಬಹುತೇಕ ಸಾಧನಗಳು ಇಂಗ್ಲಿಷ್ ಪಟ್ಟಿಯನ್ನೇ ಬಳಸುತ್ತವೆ.

ಇದರಿಂದ ಒಂದು ಮಾತು ಹೇಳಲೇಬೇಕಾಗಿದೆ. ಈ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಡಬೇಡಿರಿ. ಕನ್ನಡ ಮೇಷ್ಟ್ರೇ ಹೀಗೆ ಹೇಳುವುದೇ ಎಂದು ನಗಬೇಡಿ, ಕಾರಣ ಕೇಳಿ. ಪಟ್ಟಿಯಲ್ಲಿ ‘ಬಲಗಡೆ’, ‘ಸರಿ’ ಎಂಬ ಅರ್ಥದ ರೈಟ್ ಇದೆ. ‘ಬರೆ’ ಎಂಬ ಅರ್ಥದ ರೈಟ್ ಕೂಡ ಇದೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ನಾಲ್ಕು ವರ್ಷದ ನಂತರ ಚೀಟಿ ತೆಗೆದವರು ಯಾವ ರೈಟ್ ಎಂದು ತಲೆ ಕೆರೆದುಕೊಳ್ಳಬೇಕು. ಗುಟ್ಟಾಗಿರಲಿ ಎಂದು ಕನ್ನಡಕ್ಕೆ ಅನುವಾದ ಮಾಡಿ ಬರೆಯುವುದು ಇನ್ನೂ ಅಪಾಯ. ಪದಗಳ ಕ್ರಮ ಬದಲಿಸಿ ಜಾಣತನ ತೋರಿಸುವುದೂ ಬೇಡ. ಇಂಗ್ಲಿಷ್ ದೊಡ್ಡ ಅಕ್ಷರಗಳಲ್ಲಿ, ಬಿಡಿಬಿಡಿಯಾಗಿ, ಪ್ರತಿ ಪದಕ್ಕೂ ಕ್ರಮಸಂಖ್ಯೆ ಹಾಕಿ, ಉಕ್ತಲೇಖನ ಬರೆಯುವ ಮಗುವಿನ ಶ್ರದ್ಧೆಯಿಂದ ಬರೆಯಿರಿ. ಬರೆದ ಮೇಲೆ ತೆರೆಯೊಂದಿಗೆ ಒಂದೊಂದೇ ತಾಳೆ ನೋಡಿರಿ.

ಬರೆಯುವುದು ಕಾಗದದ ಮೇಲೆ. ಮೊಬೈಲಿನಲ್ಲಿ ಫೋಟೋ ತೆಗೆಯಬಾರದು, ಇಮೇಲಿನಲ್ಲಿ ಕಳುಹಿಸಿಕೊಳ್ಳಬಾರದು, ವಾಟ್ಸ್‌ಆಪ್‌ನಲ್ಲಿ ಹೆಂಡತಿಗೋ ಗಂಡನಿಗೋ ಹಾಕಬಾರದು. ಫೋಟೋ ತಾನಾಗಿಯೇ ಕ್ಲೌಡ್ ಸೇರುತ್ತದೆ, ಅಲ್ಲಿಗೆ ಸಾಧನ ಕೊಂಡ ಉದ್ದೇಶವೇ ಮಣ್ಣುಪಾಲು. ಕಾಗದ ಎರಡು ಪ್ರತಿ ಇರಲಿ, ಎರಡು ಬೇರೆ ಬೇರೆ ಕಟ್ಟಡಗಳಲ್ಲಿರಲಿ. 2011ರ ಫೆಬ್ರವರಿಯ ಭೂಕಂಪದಲ್ಲಿ ಮನೆಯೊಳಗೆ ಹೋಗಲಾಗದೆ ನಿಂತ ಕ್ರೈಸ್ಟ್‌ಚರ್ಚ್ ಜನರನ್ನು, 2023ರ ಜನವರಿಯ ಪ್ರವಾಹದಲ್ಲಿ ಕಪಾಟು ಸಮೇತ ಎಲ್ಲ ತೊಯ್ದುಹೋದ ಆಕ್ಲೆಂಡ್ ಮನೆಗಳನ್ನು ನೆನೆದರೆ ಕಾರಣ ವಿವರಿಸಬೇಕಾಗಿಲ್ಲ. ಉಕ್ಕಿನ ತಗಡಿನ ಮೇಲೆ ಕೊರೆದಿಡುವ ಕಿಟ್‌ಗಳೂ ಸಿಗುತ್ತವೆ, ದೊಡ್ಡ ಮೊತ್ತದವರಿಗೆ ಅದು ದಂಡವಲ್ಲ.

ಪಿನ್ ಬೇರೆ, ಪದಗಳು ಬೇರೆ ಎಂಬುದು ಮಕ್ಕಳಿಗೂ ತಿಳಿದಿರಲಿ. ಪಿನ್ ಆ ಸಾಧನದ ಬಾಗಿಲು ಮಾತ್ರ. ಲೆಡ್ಜರ್‌ನಲ್ಲಿ ಮೂರು ಸಲ ತಪ್ಪು ಪಿನ್ ಒತ್ತಿದರೆ ಅದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಗಾಬರಿ ಬೇಡ, ಪದಗಳಿದ್ದರೆ ಹೊಸ ಸಾಧನದಲ್ಲಿ ಎಲ್ಲವೂ ಹಿಂದಿರುಗುತ್ತದೆ. ಸಾಧನ ಕಳೆದರೂ ಹಾಗೆಯೇ. ಪದಗಳು ಕಳೆದು, ಸಾಧನವೂ ಕೆಟ್ಟರೆ ಯಾವ ದೇವರೂ ಕಾಪಾಡಲಾರ. ಪದಗಳ ಜೊತೆಗೆ ಇನ್ನೊಂದು ಗುಪ್ತ ಪದ ಸೇರಿಸುವ ಸೌಲಭ್ಯವೂ ಇದೆ. ಹೊಸಬರು ಅದರ ತಂಟೆಗೆ ಹೋಗದಿರುವುದೇ ಲೇಸು ಎಂದು ನಮ್ಮ ಅನಿಸಿಕೆ.

ಸಾಗಿಸುವ ಕೆಲಸಕ್ಕೆ ಬರೋಣ. ಪರೀಕ್ಷೆಗೆ ಮುಂಚೆ ಪೂರ್ವಸಿದ್ಧತಾ ಪರೀಕ್ಷೆ ಇರುವಂತೆ ಇಲ್ಲಿಯೂ ಇರಬೇಕು. ಮೊದಲು ಎಕ್ಸ್‌ಚೇಂಜಿನಿಂದ ಅತಿ ಕಡಿಮೆ ಮೊತ್ತವನ್ನು ಮಾತ್ರ ಕಳುಹಿಸಿರಿ. ಬಂದು ತಲುಪಿದ ಮೇಲೆ ಸಾಧನವನ್ನು ಪೂರ್ತಿ ಅಳಿಸಿ, ಚೀಟಿಯಲ್ಲಿ ಬರೆದ ಪದಗಳಿಂದ ಮತ್ತೆ ತೆರೆಯಿರಿ. ಆ ಸಣ್ಣ ಮೊತ್ತ ಮತ್ತೆ ಕಾಣಿಸಿತೇ? ಹಾಗಾದರೆ ನೀವು ಬರೆದದ್ದು ಸರಿ. ಕಾಣದಿದ್ದರೆ ಹೋದದ್ದು ಐದೋ ಹತ್ತೋ ಡಾಲರ್. ಹೆಚ್ಚಿನವರು ಈ ಹೆಜ್ಜೆಯನ್ನು ಬಿಟ್ಟುಬಿಡುತ್ತಾರೆ. ನಮ್ಮ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದಿಲ್ಲ.

ಕಳುಹಿಸುವಾಗ ವಿಳಾಸವನ್ನು ಕಂಪ್ಯೂಟರಿನ ತೆರೆಯಲ್ಲಿ ನೋಡಿದರೆ ಸಾಲದು, ಸಾಧನದ ಪುಟ್ಟ ತೆರೆಯಲ್ಲೂ ತೋರಿಸುವಂತೆ ಮಾಡಿ ಎರಡನ್ನೂ ಹೋಲಿಸಬೇಕು. ನಾವು ಕಾಪಿ ಮಾಡಿದ ವಿಳಾಸವನ್ನು ಪೇಸ್ಟ್ ಮಾಡುವಷ್ಟರಲ್ಲಿ ಕಳ್ಳನ ವಿಳಾಸಕ್ಕೆ ಬದಲಿಸುವ ವೈರಸ್‌ಗಳಿವೆ. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿ ಸಾಕು ಎನ್ನುವವರಿದ್ದಾರೆ. ಮೊದಲೂ ಕೊನೆಯೂ ನಿಮ್ಮದರಂತೆಯೇ ಇರುವ ವಿಳಾಸಗಳನ್ನು ಕಳ್ಳರು ಬೇಕೆಂದೇ ಸೃಷ್ಟಿಸಿ, ಹಳೆಯ ವ್ಯವಹಾರಗಳ ಪಟ್ಟಿಯೊಳಗೆ ತೂರಿಸುತ್ತಾರೆ. ಹೀಗಾಗಿ ಹಳೆಯ ಪಟ್ಟಿಯಿಂದ ವಿಳಾಸ ಎತ್ತಿಕೊಳ್ಳಬೇಡಿ, ನಡುವಿನ ಅಕ್ಷರಗಳನ್ನೂ ಓದಿರಿ. ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ನೋಡುವುದು ಇನ್ನೂ ಉತ್ತಮ.

ನೆಟ್‌ವರ್ಕ್ ಆಯ್ಕೆ ಇನ್ನೊಂದು ಎಡವುವ ಜಾಗ. ಟೆದರ್‌ನಂಥ ಒಂದೇ ಕಾಯಿನ್ ಇಥೀರಿಯಂ ಮೇಲೂ ಓಡುತ್ತದೆ, ಟ್ರಾನ್ ಮೇಲೂ ಓಡುತ್ತದೆ. ಬೆಂಗಳೂರಿಗೆ ಮೈಸೂರು ರಸ್ತೆಯಿಂದಲೂ ತುಮಕೂರು ರಸ್ತೆಯಿಂದಲೂ ಬರಬಹುದು, ಆದರೆ ಮೆಜೆಸ್ಟಿಕ್‌ನಲ್ಲಿ ಕಾಯುವವರಿಗೆ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿದವರು ಸಿಗುವುದಿಲ್ಲ. ಅಗ್ಗದ ಶುಲ್ಕ ಎಂದು ಕಂಡದ್ದನ್ನು ಒತ್ತದೆ, ನಿಮ್ಮ ಸಾಧನ ಯಾವ ನೆಟ್‌ವರ್ಕಿನ ವಿಳಾಸ ಕೊಟ್ಟಿದೆಯೋ ಎಕ್ಸ್‌ಚೇಂಜಿನಲ್ಲೂ ಅದನ್ನೇ ಆರಿಸಿರಿ. ತಪ್ಪಿದರೆ ಕೆಲವೊಮ್ಮೆ ಹಿಂದಕ್ಕೆ ಪಡೆಯಬಹುದು, ಕೆಲವೊಮ್ಮೆ ಇಲ್ಲ. ಬಿಟ್‌ಕಾಯಿನ್ ಆದರೆ ಪುಸ್ತಕದಲ್ಲಿ ಒಂದು ಪುಟ ಸೇರಲು ಸರಾಸರಿ ಹತ್ತು ನಿಮಿಷ, ಆರು ಪುಟ ಮೇಲೆ ಬಿದ್ದರೆ ನಿಶ್ಚಿಂತೆ ಎಂಬುದು ರೂಢಿ. ಅಂದರೆ ಸುಮಾರು ಒಂದು ಗಂಟೆ. ತಲುಪಲಿಲ್ಲವೆಂದು ಐದು ನಿಮಿಷಕ್ಕೊಮ್ಮೆ ಎದೆ ಬಡಿದುಕೊಳ್ಳುವುದು ಬೇಡ. ಭಾರತದ ಎಕ್ಸ್‌ಚೇಂಜಿನಲ್ಲಿ ಖಾತೆ ಇಟ್ಟವರು, ಸ್ವಂತ ವಾಲೆಟ್‌ಗೆ ಕಳುಹಿಸಲು ಅಲ್ಲಿ ಅವಕಾಶ ಇದೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಇಷ್ಟೆಲ್ಲ ಓದಿ ‘ಸಾಧನ ಕೊಂಡರೆ ಮುಗಿಯಿತು’ ಎಂದುಕೊಂಡವರು ಎರಡು ಘಟನೆ ಗಮನಿಸಬೇಕು. 2024ರ ಜುಲೈನಲ್ಲಿ ಭಾರತದ ವಜೀರ್‌ಎಕ್ಸ್ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಅಮೆರಿಕನ್ ಡಾಲರ್ ಬೆಲೆಯ ಕಾಯಿನ್‌ಗಳು ಕಳುವಾದವು. ಅದರ ಗ್ರಾಹಕರು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಆ ವಾಲೆಟ್‌ಗೆ ಹಲವರ ಸಹಿ ಬೇಕಿತ್ತು, ಸಹಿ ಹಾಕುವವರ ಬಳಿ ಹಾರ್ಡ್‌ವೇರ್ ವಾಲೆಟ್ ಇದ್ದವು. ತೆರೆಯ ಮೇಲೆ ಕಂಡದ್ದು ಒಂದು, ನಿಜವಾಗಿ ಸಹಿ ಬಿದ್ದದ್ದು ಇನ್ನೊಂದಕ್ಕೆ ಎಂಬುದು ಆ ಕಂಪನಿಯ ಹೇಳಿಕೆ. 2025ರ ಫೆಬ್ರವರಿಯಲ್ಲಿ ಬೈಬಿಟ್ ಎಂಬ ಎಕ್ಸ್‌ಚೇಂಜಿನಿಂದ ಸುಮಾರು 150 ಕೋಟಿ ಡಾಲರ್ ಹೋದದ್ದೂ ಇದೇ ರೀತಿಯಲ್ಲಿ. ಇದರ ಹಿಂದೆ ಉತ್ತರ ಕೊರಿಯ ಇದೆ ಎಂದು ಅಮೆರಿಕದ ಎಫ್‌ಬಿಐ ಹೇಳಿತು. ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ರೈತರ ಕಥೆ ನಮ್ಮ ಹಳ್ಳಿಗಳಲ್ಲಿ ಎಷ್ಟು ಬೇಕಾದರೂ ಇವೆ. ಇಂದು ಇಂಜಿನಿಯರುಗಳೇ ಹೆಬ್ಬೆಟ್ಟು ಒತ್ತುತ್ತಿದ್ದಾರೆ. ಸಾಧನದ ತೆರೆಯಲ್ಲಿ ಅರ್ಥವಾಗದ ಅಕ್ಷರಗಳ ಸಾಲು ಬಂದರೆ ಗುಂಡಿ ಒತ್ತದೆ ನಿಲ್ಲಿಸಿರಿ. ಎಕ್ಸ್‌ಚೇಂಜಿನಿಂದ ಕಾಯಿನ್ ತರಿಸಿಕೊಳ್ಳಲು ನಿಮ್ಮ ಸಹಿಯೇ ಬೇಕಾಗಿಲ್ಲ, ವಿಳಾಸ ಕೊಟ್ಟರೆ ಸಾಕು. ತರಿಸಿಕೊಳ್ಳುವಾಗ ‘ಸಹಿ ಹಾಕಿ’ ಎಂದು ಯಾರಾದರೂ ಕೇಳಿದರೆ ಅಲ್ಲಿಯೇ ಅನುಮಾನ ಪಡಬೇಕು.

ಮೋಸಗಾರರು ಬಾಗಿಲಿಗೂ ಬರುತ್ತಾರೆ. 2020ರಲ್ಲಿ ಲೆಡ್ಜರ್ ಕಂಪನಿಯ ಗ್ರಾಹಕರ ಮಾಹಿತಿ ಸೋರಿಹೋಗಿ, ಸುಮಾರು 2,70,000 ಜನರ ಹೆಸರು, ಮನೆ ವಿಳಾಸ, ಫೋನ್ ನಂಬರ್ ಬಹಿರಂಗವಾದವು. ಸಾಧನದೊಳಗಿನ ಕೀಲಿಗಳಿಗೆ ಏನೂ ಆಗಲಿಲ್ಲ. ಆದರೆ ಮರುವರ್ಷ ಕೆಲವರ ಮನೆಗೆ ಅಂಚೆಯಲ್ಲಿ ‘ಹೊಸ ಸಾಧನ ಉಚಿತವಾಗಿ ಕಳುಹಿಸಿದ್ದೇವೆ, ಹಳೆಯ ಪದಗಳನ್ನು ಇದರಲ್ಲಿ ಹಾಕಿ’ ಎಂಬ ಪತ್ರದೊಂದಿಗೆ ನಕಲಿ ಸಾಧನಗಳೇ ಬಂದವು! ಕಂಪನಿ, ಬ್ಯಾಂಕು, ಪೊಲೀಸರು, ತೆರಿಗೆ ಇಲಾಖೆ, ಯಾರೇ ಆಗಲಿ ಆ ಪದಗಳನ್ನು ಕೇಳುವ ಪ್ರಸಂಗವೇ ಇಲ್ಲ. ಕೇಳಿದವರು ಕಳ್ಳರು, ಅಷ್ಟೆ. ಇದನ್ನು ಊರಿನಿಂದ ಆರು ತಿಂಗಳಿಗೆ ಬಂದು ಹಗಲು ಒಬ್ಬರೇ ಮನೆಯಲ್ಲಿರುವ ಅಜ್ಜ ಅಜ್ಜಿಯರಿಗೆ ಕನ್ನಡದಲ್ಲಿ ತಿಳಿಸಿ ಹೇಳುವ ಕೆಲಸವನ್ನು ಮಕ್ಕಳೇ ವಹಿಸಿಕೊಳ್ಳಲಿ. ಇಂಗ್ಲಿಷಿನಲ್ಲಿ ಗಡುಸಾಗಿ ಮಾತನಾಡಿದ ಮಾತ್ರಕ್ಕೆ ಫೋನಿನ ಆ ಕಡೆಯವರು ಸರ್ಕಾರದವರಾಗುವುದಿಲ್ಲ ಎಂಬುದನ್ನೂ ಸೇರಿಸಿ ಹೇಳಲಿ.

ಕೊನೆಯದಾಗಿ, ನಮ್ಮ ಮನಸ್ಸಿಗೆ ಬಹಳ ಹತ್ತಿರವಾದ ಮಾತು. ಕೆನಡಾದ ಕ್ವಾಡ್ರಿಗಾ ಎಂಬ ಎಕ್ಸ್‌ಚೇಂಜಿನ ಸ್ಥಾಪಕ ಜೆರಾಲ್ಡ್ ಕಾಟನ್ 2018ರ ಡಿಸೆಂಬರಿನಲ್ಲಿ ನಮ್ಮ ಜೈಪುರದಲ್ಲಿ ತೀರಿಕೊಂಡ. ಬೀಗದ ಕೈ ಅವನೊಬ್ಬನಿಗೇ ಗೊತ್ತಿತ್ತು ಎಂಬ ಸುದ್ದಿ ಹಬ್ಬಿತು. 76,000 ಗ್ರಾಹಕರು ಕಂಗಾಲಾದರು. ಆಮೇಲೆ 2020ರಲ್ಲಿ ಒಂಟಾರಿಯೊದ ನಿಯಂತ್ರಣ ಸಂಸ್ಥೆ ತನಿಖೆ ನಡೆಸಿ, ಹಣದ ಬಹುಪಾಲು ಅವನ ಮೋಸದಿಂದಲೇ ಮೊದಲೇ ಕರಗಿತ್ತು ಎಂದು ಹೇಳಿತು. ಮೋಸದ ಮಾತು ಬಿಡೋಣ. ‘ಅವನೊಬ್ಬನಿಗೇ ಗೊತ್ತಿತ್ತು’ ಎಂದಾಗ ಲೋಕವೆಲ್ಲ ಸುಲಭವಾಗಿ ನಂಬಿತಲ್ಲ, ಏಕೆ? ಮನೆಮನೆಯಲ್ಲೂ ಹಾಗೆಯೇ ನಡೆಯುತ್ತಿರುವುದರಿಂದ. ನಮ್ಮ ಕುಟುಂಬಗಳಲ್ಲಿ ಇಂಥ ವ್ಯವಹಾರ ಹೆಚ್ಚಾಗಿ ಒಬ್ಬರ ಕೈಯಲ್ಲಿ, ಸಾಮಾನ್ಯವಾಗಿ ಅಪ್ಪನ ಕೈಯಲ್ಲಿ ಇರುತ್ತದೆ. ‘ಅದೆಲ್ಲ ನಿಮ್ಮ ಅಪ್ಪನಿಗೇ ಗೊತ್ತು’ ಎಂಬುದು ನಾವು ಎಷ್ಟು ಮನೆಗಳಲ್ಲಿ ಕೇಳಿದ ಉತ್ತರ! ಊರಿನಲ್ಲಾದರೆ ದೊಡ್ಡಪ್ಪನೋ ಸೋದರಮಾವನೋ ಬಂದು ಕಾಗದಪತ್ರ ಹುಡುಕಿಯಾರು. ಇಲ್ಲಿ ಮನೆಯವರು ನಾಲ್ವರೇ. ಮನೆ, ಬ್ಯಾಂಕು, ಕಿವಿಸೇವರ್ ಇವುಗಳನ್ನು ಮರಣಪತ್ರ ತೋರಿಸಿ ಪಡೆಯಬಹುದು. ಬಿಟ್‌ಕಾಯಿನ್ ಜಾಲಕ್ಕೆ ಮರಣಪತ್ರ ತೋರಿಸುವ ಕಚೇರಿಯೇ ಇಲ್ಲ. ವೇಲ್ಸ್ ದೇಶದ ನ್ಯೂಪೋರ್ಟ್‌ನ ವ್ಯಕ್ತಿಯೊಬ್ಬರು 2013ರಲ್ಲಿ ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿ ಇದ್ದ ಹಾರ್ಡ್ ಡಿಸ್ಕ್ ಕಸಕ್ಕೆ ಸೇರಿಹೋಯಿತೆಂದು ವರ್ಷಗಟ್ಟಲೆ ನಗರಸಭೆಯ ಕಸದ ಗುಂಡಿ ಅಗೆಯಲು ಅನುಮತಿ ಕೇಳಿದರು. 2025ರ ಜನವರಿಯಲ್ಲಿ ನ್ಯಾಯಾಲಯ ಅವರ ದಾವೆಯನ್ನು ತಳ್ಳಿಹಾಕಿತು. ಬದುಕಿರುವವರಿಗೇ ಇಷ್ಟು ಕಷ್ಟ.

ಆದ್ದರಿಂದ ಗಂಡ ಹೆಂಡಿರು ಒಟ್ಟಿಗೆ ಕುಳಿತು ಈ ಕೆಲಸ ಮಾಡಲಿ. ಪದಗಳ ಚೀಟಿ ಎಲ್ಲಿದೆ, ಸಾಧನ ಎಲ್ಲಿದೆ, ಯಾವ ಕಂಪನಿಯದು, ಹೇಗೆ ತೆರೆಯುವುದು ಎಂಬುದನ್ನು ಸರಳ ಕನ್ನಡದಲ್ಲಿ ಒಂದು ಪುಟ ಬರೆದು ಉಯಿಲಿನ ಜೊತೆ ಇಡಲಿ. ಚೀಟಿಯನ್ನೇ ಉಯಿಲಿಗೆ ಲಗತ್ತಿಸಬೇಡಿ, ಉಯಿಲನ್ನು ಹಲವರು ಓದುತ್ತಾರೆ. ಹೈಸ್ಕೂಲು ಓದುವ ಮಕ್ಕಳಿಗೆ ‘ಹೀಗೊಂದು ಇದೆ, ಅಮ್ಮನಿಗೆ ಗೊತ್ತಿದೆ’ ಎಂಬಷ್ಟು ತಿಳಿದರೆ ಸಾಕು. ಮಕ್ಕಳೇ, ನೀವೂ ಅಷ್ಟೇ: ಅಪ್ಪನ ಬಳಿ ಬಿಟ್‌ಕಾಯಿನ್ ಇದೆ ಎಂದು ಶಾಲೆಯಲ್ಲಿ ಹೇಳಿಕೊಳ್ಳುವುದು ದೊಡ್ಡಸ್ತಿಕೆಯಲ್ಲ, ಕಳ್ಳರಿಗೆ ದಾರಿ ತೋರಿಸಿದಂತೆ.

ತೆರಿಗೆಯ ಬಗ್ಗೆ ಎರಡು ಮಾತು. ಇನ್‌ಲ್ಯಾಂಡ್ ರೆವೆನ್ಯೂ ಇಲಾಖೆ ಕ್ರಿಪ್ಟೋವನ್ನು ಆಸ್ತಿ ಎಂದೇ ಪರಿಗಣಿಸುತ್ತದೆ. ನಿಮ್ಮ ಒಂದು ವಾಲೆಟ್‌ನಿಂದ ನಿಮ್ಮದೇ ಇನ್ನೊಂದಕ್ಕೆ ಸಾಗಿಸಿದರೆ ಅದು ಮಾರಾಟವಲ್ಲ. ಆದರೆ ಕೊಂಡ ದಿನ, ಬೆಲೆ, ಸಾಗಿಸಿದ ದಿನ, ಶುಲ್ಕ ಇವನ್ನೆಲ್ಲ ಬರೆದಿಡಬೇಕು. ಎಕ್ಸ್‌ಚೇಂಜ್ ಮುಚ್ಚಿದರೆ ಅದರ ಲೆಕ್ಕದ ಪಟ್ಟಿಯೂ ಅದರೊಂದಿಗೇ ಹೋಗುತ್ತದೆ, ಆದ್ದರಿಂದ ಹಣ ಹೊರತೆಗೆಯುವ ದಿನವೇ ಅದನ್ನೂ ಇಳಿಸಿಕೊಳ್ಳಿರಿ.

ನಮ್ಮ ಶಾಲೆಯ ಆಡಳಿತ ಮಂಡಳಿಗೆ ಒಂದು ಸಲಹೆ. ಬರುವ ವರ್ಷ ಮೊದಲ ಅವಧಿಯ ಒಂದು ಶನಿವಾರ ಸಂಜೆ ಪೋಷಕರಿಗೆ ಈ ಕುರಿತು ಅಭ್ಯಾಸ ತರಗತಿ ಏರ್ಪಡಿಸಬಹುದು. ಹಿಂದಿ, ತಮಿಳು, ಗುಜರಾತಿ ಬಳಗದವರೂ ಸೇರಲಿ, ಈ ವಿಷಯದಲ್ಲಿ ಎಲ್ಲರ ಭಾಷೆಯೂ ಒಂದೇ ದೋಣಿಯಲ್ಲಿದೆ. ಖಾಲಿ ಸಾಧನವೊಂದರಲ್ಲಿ ಪದಗಳನ್ನು ಬರೆದುಕೊಳ್ಳುವುದು, ಅಳಿಸುವುದು, ಮತ್ತೆ ತೆರೆಯುವುದನ್ನು ಎಲ್ಲರೂ ಒಮ್ಮೆ ಕೈಯಾರೆ ಮಾಡಿ ನೋಡಲಿ. ಕಾಗದ, ಪೆನ್ಸಿಲ್ ನಾವು ಒದಗಿಸುತ್ತೇವೆ. ಆ ದಿನ ಯಾರೂ ತಮ್ಮ ಮನೆಯ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಬರುವುದು ಮಾತ್ರ ಬೇಡ.